ಪದಚರ್ಚೆ: ಕಾಯಿಲೆ ಬಂದಿಲ್ಲ, ಬರುವ ಸಾಧ್ಯತೆ ಜಾಸ್ತಿ. ಇದಕ್ಕೇನು ಹೇಳ್ತೀರಿ?

ಗೆಳೆಯರೇ,

ಕಿಡ್ನಿಯ ಆರೋಗ್ಯದ ಬಗ್ಗೆ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಒಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ: ‘ಆನುವಂಶಿಕ ಪೂರ್ವಪ್ರವೃತ್ತಿ ಉಳ್ಳವರು ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು.’ ಕಾಯಿಲೆ ಬರುವ ಸಾಧ್ಯತೆ ಹುಟ್ಟಿನಿಂದಲೇ ಜಾಸ್ತಿ ಇರುವವರು ಅನ್ನುವ ಅರ್ಥದಲ್ಲಿ. ಕರಡು ಓದಿದ ನಮ್ಮಕ್ಕ, ‘ಪೂರ್ವಪ್ರವೃತ್ತಿ ಅಂದ್ರೆ ಹೋದ ಜನ್ಮದ್ದಾ?’ ಅಂದಳು. ಸರಿ, ‘ವಂಶಪಾರಂಪರ್ಯವಾಗಿ ಬರುವ ಕಾಯಿಲೆ’ ಅಂತ ತಿದ್ದಿದೆ. ‘ಹಾಗಾದ್ರೆ ಅಪ್ಪನಿಗಿದ್ರೆ ಮಕ್ಕಳಿಗೂ ಗ್ಯಾರಂಟಿ’ ಅಂದಳು. ಆಸ್ತಿ ಬಂದ ಹಾಗೆ!

ತೊಡಕು ಇರುವುದು ಇಲ್ಲೇ. ಕಿಡ್ನಿ ತುಂಬ ನೀರಿನ ಗುಳ್ಳೆಗಳಾಗುವ ಒಂದು ಕಾಯಿಲೆ ಇದೆ. ಹೆಚ್ಚಾಗಿ 16ನೇ ವರ್ಣತಂತುವಿನ (ಕ್ರೋಮೋಸೋಮ್) ಪಿಕೆಡಿ1 ಅನ್ನುವ ಜೀನ್ (ವಂಶವಾಹಿ) ಅಥವಾ 4ನೇ ವರ್ಣತಂತುವಿನ ಪಿಕೆಡಿ2 ಜೀನ್ ಕೆಟ್ಟಿರುತ್ತದೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬರದೆಯೂ ಇರಬಹುದು, ಆದರೆ ಇಳಿದು ಬರುವುದು ಕಾಯಿಲೆಯೇ. ಇದಕ್ಕೆ ‘ವಂಶಪಾರಂಪರ್ಯ’ ಒಪ್ಪುತ್ತದೆ.

ಎಪಿಒಎಲ್1 ಜೀನಿನ ಕಥೆ ಬೇರೆ. ಅದರ ಎರಡು ಮಾರ್ಪಾಡುಗಳು ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಜಾಸ್ತಿ. ಅಪ್ಪನಿಂದೊಂದು, ಅಮ್ಮನಿಂದೊಂದು ಬಂದವರಿಗೆ ಕಿಡ್ನಿ ಕೆಡುವ ಅಪಾಯ ಹೆಚ್ಚು. ಆದರೂ ಅವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಇಲ್ಲಿ ಇಳಿದು ಬಂದದ್ದು ಕಾಯಿಲೆಯಲ್ಲ. ಮತ್ತೇನು? ನನಗೆ ಬೇಕಾದ ಪದ ಅದೇ.

‘ಒಲವು’ ಅಂತ ಬರೆದು ನೋಡಿದೆ. ‘ಕಿಡ್ನಿ ಕಾಯಿಲೆಯ ಕಡೆ ಒಲವು’ ಅಂದರೆ ಅದರ ಮೇಲೆ ಪ್ರೀತಿ ಇದ್ದ ಹಾಗಾಯ್ತು, ಅಳಿಸಿದೆ. ‘ಸೂಕ್ಷ್ಮ ಕಿಡ್ನಿ’ ಅಂದರೆ ಈಗಾಗಲೇ ಕೈಕೊಟ್ಟಿದೆ ಅನಿಸುತ್ತದೆ. ಆದರೆ ಮಾತಿನಲ್ಲಿ ನಮಗೆ ಈ ಅರ್ಥ ಹೊಸದಲ್ಲ. ‘ಅವನದು ಶೀತದ ಮೈ’ ಅಂತೀವಲ್ಲ, ಅವನಿಗೆ ಈಗ ನೆಗಡಿ ಆಗಿದೆ ಅಂತಲ್ಲ, ಸ್ವಲ್ಪ ನೆನೆದರೂ ಆಗುತ್ತೆ ಅಂತ. ಅಂದರೆ ನೆನೆಯದೆ ಇದ್ದರೆ ಆಗದೆಯೂ ಇರಬಹುದು. ಎಷ್ಟು ಅಚ್ಚುಕಟ್ಟು ಅಲ್ವಾ? ‘ಕಿಡ್ನಿ ಮೈ’ ಅಂತ ಬರೆದರೆ ಮಾತ್ರ ನಗುತ್ತಾರೆ.

ಇದು ಸುಮ್ನೆ ಪದದ ಚಪಲ ಅಲ್ಲ. ‘ವಂಶದಲ್ಲೇ ಇದೆ’ ಅಂತ ಓದಿದವರು ಕೈಚೆಲ್ಲಿ ಕೂರುತ್ತಾರೆ. ಮುಂದಿನ ಪುಟದಲ್ಲಿ ನಾನು ಹೇಳುವುದು ಅದಕ್ಕೆ ತದ್ವಿರುದ್ಧ: ಬಿಪಿ, ಶುಗರ್ ಹಿಡಿತದಲ್ಲಿಡಿ. ಉಪ್ಪು ದಿನಕ್ಕೆ 5 ಗ್ರಾಮ್ ದಾಟದಿರಲಿ. ಐಬುಪ್ರೊಫೇನ್ ತರಹದ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಮ್ಮಿ ಮಾಡಬಲ್ಲದು, ಕಂಡಾಗಲೆಲ್ಲ ನುಂಗಬೇಡಿ. ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ಅನ್ನುವ ಕಸ (ಕಿಡ್ನಿ ಸೋಸಿ ಹೊರಹಾಕುವಂಥದ್ದು) ಎಷ್ಟಿದೆ ನೋಡಿಸಿ. ಗುಳ್ಳೆ ಕಾಯಿಲೆ ಇದ್ದವರಿಗೂ ಬಿಪಿ ಹಿಡಿತದ ಮಾತು ಬೇಕೇ ಬೇಕು.

ಜೊತೆಗೊಂದು ಚಿಕ್ಕ ಅನುಮಾನ. ‘ಮೂತ್ರಕೋಶ’ವನ್ನು ಕೆಲವರು ಕಿಡ್ನಿಗೂ ಬಳಸುತ್ತಾರೆ. ಅದು ಮೂತ್ರ ತುಂಬಿಕೊಳ್ಳುವ ಚೀಲ. ಹಾಗಾಗಿ ನಾನು ‘ಕಿಡ್ನಿ’ ಅಂತಲೇ ಬಿಟ್ಟಿದ್ದೇನೆ, ತಕರಾರಿದೆಯೇ?

ಸದ್ಯಕ್ಕೆ ಆ ಸಾಲು ಹೀಗಿದೆ: ‘ಮನೆತನದಲ್ಲಿ ಕಿಡ್ನಿ ಕಾಯಿಲೆ ಇದ್ದು, ತಮಗೂ ಬೇಗ ತಗಲಬಹುದಾದವರು.’ ‘ತಗಲು’ ಅಂದರೆ ಅಂಟುರೋಗ ಅಂದುಕೊಳ್ಳುತ್ತಾರೇನೋ. ನಿಮ್ಮ ಕಡೆ ಏನಂತೀರಿ, ತಿಳಿಸಿ.