ಪದಚರ್ಚೆ: ಕಿಡ್ನಿ ಕ್ಯಾನ್ಸರ್ ಹರಡುವಿಕೆ ಮತ್ತು ‘ನಾನ್-ಕೋಡಿಂಗ್ ಆರ್‌ಎನ್‌ಎ’ – ತುರ್ತಾಗಿ ಬೇಕು

ಬಳಗದವರಿಗೆ ನಮಸ್ಕಾರ. ರೋಗಿಗಳ ಕೈಪಿಡಿಯೊಂದು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಕರಡಿನಲ್ಲಿರುವ ತಲೆಬರಹ: ‘ಮೂತ್ರಪಿಂಡ ಕ್ಯಾನ್ಸರಿನ ಸ್ಥಾನಾಂತರದಲ್ಲಿ ಸಂಕೇತರಹಿತ ಆರ್‌ಎನ್‌ಎಗಳ ಪಾತ್ರ’. ಇಲ್ಲಿ ‘ಸ್ಥಾನಾಂತರ’ ಎಂದರೆ ಮೆಟಾಸ್ಟಾಸಿಸ್, ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡುವುದು; ‘ಸಂಕೇತರಹಿತ’ ಎಂದರೆ ನಾನ್-ಕೋಡಿಂಗ್. ಆರ್‌ಎನ್‌ಎ ಜೀನಿನಿಂದ ನಕಲಾಗುವ ಅಣು; ಈ ಬಗೆಯವುಗಳಲ್ಲಿ ಪ್ರೊಟೀನಿನ ನಕ್ಷೆ ಇರುವುದಿಲ್ಲ. ಸುಮಾರು ೨೨ ನ್ಯೂಕ್ಲಿಯೊಟೈಡ್‌ಗಳ (ಆರ್‌ಎನ್‌ಎಯ ‘ಅಕ್ಷರ’ಗಳ) ಮೈಕ್ರೋ ಆರ್‌ಎನ್‌ಎಗೂ ೨೦೦ಕ್ಕಿಂತ ಉದ್ದದವಕ್ಕೂ ಒಂದೇ ಪದ ಹೊಂದಬೇಕು. ಸರಿಯಿದೆಯೇ?

ಮರು:
‘ಸಂಕೇತರಹಿತ’ ಬೇಡ. ಮೈಕ್ರೋ ಆರ್‌ಎನ್‌ಎ ತನ್ನ ೨ರಿಂದ ೮ನೆಯ ಅಕ್ಷರಗಳ ಬಲದಿಂದಲೇ ಗುರಿಯನ್ನು (ತಾನು ಅದುಮಬೇಕಾದ ಬೇರೊಂದು ಆರ್‌ಎನ್‌ಎಯನ್ನು) ಹುಡುಕಿ ಹಿಡಿಯುತ್ತದೆ. ಅದರಲ್ಲಿ ಬರಹವಿದೆ, ಪ್ರೊಟೀನಿನ ಬರಹವಿಲ್ಲ ಅಷ್ಟೆ. ‘ಪ್ರೊಟೀನ್ ಕಟ್ಟದ ಆರ್‌ಎನ್‌ಎ’ ಅನ್ನಿ.

ಮರು:
> ಪ್ರೊಟೀನ್ ಕಟ್ಟದ

ತಪ್ಪು. ಕೋಶದಲ್ಲಿ ಪ್ರೊಟೀನ್ ತಯಾರಾಗುವ ರೈಬೋಸೋಮಿನೊಳಗೆ ಅಮೈನೊ ಆಮ್ಲಗಳನ್ನು (ಪ್ರೊಟೀನಿನ ಬಿಡಿಭಾಗಗಳನ್ನು) ಒಂದಕ್ಕೊಂದು ಬೆಸೆಯುವುದೇ ಅಲ್ಲಿನ ಆರ್‌ಎನ್‌ಎ. ಅವನ್ನು ಹೊತ್ತು ತರುವುದು ಟಿಆರ್‌ಎನ್‌ಎ. ಎರಡೂ ಇದೇ ಗುಂಪಿನವು. ಅವು ಕಟ್ಟುತ್ತವೆ, ನಕ್ಷೆ ಮಾತ್ರ ಅವುಗಳಲ್ಲಿಲ್ಲ. ‘ಪ್ರೊಟೀನ್ ಸಂಕೇತವಿಲ್ಲದ ಆರ್‌ಎನ್‌ಎ’ ಎಂದರೆ ಯಾವುದೂ ಹೊರಗುಳಿಯದು.

‘ಸ್ಥಾನಾಂತರ’ವನ್ನೂ ತೆಗೆಯಿರಿ. ಗಡ್ಡೆ ಕಿಡ್ನಿ ಬಿಟ್ಟು ಎದ್ದು ಹೋಯಿತು ಎಂಬ ಅರ್ಥ ಬರುತ್ತದೆ. ಮೂಲ ಗಡ್ಡೆ ಅಲ್ಲೇ ಇರುತ್ತದೆ. ಮೇಲಾಗಿ ಕ್ರೋಮೋಸೋಮಿನ ತುಂಡು ಜಾಗ ಬದಲಿಸುವುದಕ್ಕೂ ಇದೇ ಪದ. ಟಿಎಫ್‌ಇ೩ ಜೀನ್ ಹಾಗೆ ಜಾಗ ಬದಲಿಸಿ ಬರುವ ಕಿಡ್ನಿ ಕ್ಯಾನ್ಸರೇ ಒಂದು ಬಗೆ. ಬರೀ ‘ಹರಡುವಿಕೆ’ಯೂ ಸಾಲದು, ಪಕ್ಕದ ಕೊಬ್ಬಿಗೋ ಕಿಡ್ನಿಯ ರಕ್ತನಾಳಕ್ಕೋ ನುಗ್ಗುವುದೂ ಹರಡುವಿಕೆಯೇ. ಶ್ವಾಸಕೋಶ, ಮೂಳೆ, ಯಕೃತ್ತು, ಮಿದುಳಿನ ಮಾತಾದರೆ ‘ದೂರದ ಅಂಗಗಳಿಗೆ ಹರಡುವುದು’.

ಮರು:
ಸಂಕೇತ, ಪಾತ್ರ, ಕ್ಯಾನ್ಸರ್ – ಎಲ್ಲ ಎರವಲು! ಕ್ಯಾನ್ಸರಿಗೆ ‘ಏಡಿಗಂತಿ’ ಇದೆಯಲ್ಲ. ‘ಸಂಕೇತ’ಕ್ಕೆ ‘ಗುರುತು’, ‘ಪಾತ್ರ’ಕ್ಕೆ ‘ಕೈವಾಡ’. ಮಂದಿಗೆ ಎಟುಕದ ನುಡಿಯಲ್ಲಿ ಬೇನೆಯ ತಿಳಿವು ಹಬ್ಬುವುದಿಲ್ಲ.

ಮರು:
‘ಗಂತಿ’ ಗ್ರಂಥಿಯ ತದ್ಭವ. ‘ಗುರುತು’ ಆಗದು, ಬಯಾಪ್ಸಿ ವರದಿ ವಿವರಿಸುವಾಗ ಮಾರ್ಕರ್‌ಗೆ (ಕ್ಯಾನ್ಸರನ್ನು ಪತ್ತೆಹಚ್ಚಲು ನೋಡುವ ಸೂಚಕಕ್ಕೆ) ಅದೇ ಪದ ಬೇಕಾಗುತ್ತದೆ.

‘ಕೈವಾಡ’ವಂತೂ ಕೂಡದು, ಅದು ಕೇಡು ಮಾಡಿದವರಿಗೆ ಹೇಳುವ ಮಾತು. ಕಿಡ್ನಿ ಕ್ಯಾನ್ಸರಿನ ಕ್ಲಿಯರ್ ಸೆಲ್ ಬಗೆಯಲ್ಲಿ ಮಿಆರ್-೧೪೧, ಮಿಆರ್-೨೦೦ಸಿ ಎಂಬ ಮೈಕ್ರೋ ಆರ್‌ಎನ್‌ಎಗಳು ಕಾವಲು ಕಾಯುವಂಥವು. ಜಡ್‌ಇಬಿ೧, ಜಡ್‌ಇಬಿ೨ ಎಂಬ ಪ್ರೊಟೀನ್‌ಗಳು ತಯಾರಾಗದಂತೆ ಅದುಮಿಡುತ್ತವೆ. ಗಡ್ಡೆಯಲ್ಲಿ ಈ ಮೈಕ್ರೋ ಆರ್‌ಎನ್‌ಎಗಳು ಕುಸಿದರೆ ಜಡ್‌ಇಬಿ ಏರುತ್ತದೆ, ಕೋಶಗಳನ್ನು ಅಂಟಿಸಿಡುವ ಇ-ಕ್ಯಾಡ್‌ಹೆರಿನ್ ಪ್ರೊಟೀನ್ ಇಳಿಯುತ್ತದೆ, ಕೋಶಗಳು ಒಂದನ್ನೊಂದು ಹಿಡಿದುಕೊಂಡಿರುವ ಬಿಗಿ ಸಡಿಲುತ್ತದೆ. ಮಲಾಟ್೧ ಎಂಬ ಉದ್ದನೆಯ ಆರ್‌ಎನ್‌ಎ ಇದಕ್ಕೆ ವಿರುದ್ಧ: ಗಡ್ಡೆಯಲ್ಲಿ ಹೆಚ್ಚುತ್ತದೆ, ಹರಡಲು ನೆರವಾಗುತ್ತದೆ. ತಡೆಯುವವೂ ನೆರವಾಗುವವೂ ಇರುವಾಗ ‘ಪಾತ್ರ’ವೇ ಸರಿ.

ಮಿಆರ್-೨೧೦ ಏರುವುದನ್ನು ಹರಡುವಿಕೆಯ ಪುರಾವೆ ಎಂದು ಕರಡಿನಲ್ಲಿ ಬರೆದಿದ್ದರೆ ಹೊಡೆದುಹಾಕಿ. ವಿಎಚ್‌ಎಲ್ ಜೀನ್ ಕೆಟ್ಟು ಎಚ್‌ಐಎಫ್ ಪ್ರೊಟೀನ್ ಕರಗದೆ ಉಳಿದರೆ ಮಿಆರ್-೨೧೦ ಏರುತ್ತದೆ; ಗಡ್ಡೆ ಕಿಡ್ನಿಯೊಳಗೇ ಇರುವಾಗಲೂ ಹೀಗಾಗುತ್ತದೆ.

ಮರು:
ತದ್ಭವವನ್ನು ಎರವಲೆಂದು ತಳ್ಳಿದರೆ ಬಣ್ಣ, ಹಕ್ಕಿ ಎಲ್ಲ ಹೋಗುತ್ತವೆ. ನಾಲಿಗೆಗೆ ಒಗ್ಗಿದ ಮೇಲೆ ಅದು ಕನ್ನಡವೇ.

ಮರು:
ಕ್ಯಾನ್ಸರ್ ಒಗ್ಗಿಲ್ಲವೇ? ‘ಕ್ಯಾನ್ಸರಿಗೆ ಔಷಧಿ’, ‘ಕ್ಯಾನ್ಸರಿನ ಗಡ್ಡೆ’ ಎಂದು ವಿಭಕ್ತಿ ಹಚ್ಚಿ ಊರೆಲ್ಲ ಆಡುತ್ತದೆ. ಏಡಿಗಂತಿ ಎಂದರೆ ವಾರ್ಡಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮೂತ್ರಪಿಂಡಕ್ಕೂ ಅದೇ ಮಾತು, ಕಿಡ್ನಿ ಎಂದೇ ಇರಲಿ.

ಮರು:
ಎಲ್ಲರಿಗೂ ವಂದನೆ. ‘ಕಿಡ್ನಿ ಕ್ಯಾನ್ಸರ್ ದೂರದ ಅಂಗಗಳಿಗೆ ಹರಡುವುದರಲ್ಲಿ ಪ್ರೊಟೀನ್ ಸಂಕೇತವಿಲ್ಲದ ಆರ್‌ಎನ್‌ಎಗಳ ಪಾತ್ರ’ ಎಂದು ಕಳಿಸುತ್ತಿದ್ದೇನೆ.

ಮರು:
ಒಳಪುಟದಲ್ಲಿ ಮೊದಲ ಸಲ ಬಂದಾಗ ‘ನಾನ್-ಕೋಡಿಂಗ್’, ‘ಮೆಟಾಸ್ಟಾಸಿಸ್’ ಎರಡನ್ನೂ ಒಮ್ಮೆ ಪಕ್ಕದಲ್ಲಿ ಕೊಡಿ. ವೈದ್ಯರ ಬಾಯಲ್ಲೂ ವರದಿಯಲ್ಲೂ ಬರುವುದು ಅವೇ.