ಪದ ಬೇಕು, ಅರ್ಜೆಂಟ್: ‘ಫೇಲಿಂಗ್ ಹಾರ್ಡ್‌ವೇರ್’ ಕನ್ನಡದಲ್ಲಿ ಏನು?

ಎಲ್ರಿಗೂ ನಮಸ್ಕಾರ. ನಮ್ಮ ಶಾಲೆ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಒಂದು ಫ್ಲೆಕ್ಸ್ ಮಾಡಿಸ್ತಿದೀನಿ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡ್ಬೇಕು. ಇಲ್ಲಿ ಸಿಸ್ಟಮ್ ಸ್ವಲ್ಪ ಹ್ಯಾಂಗ್ ಆದ್ರೂ ಸಾಕು, ಮಕ್ಕಳೂ ಮೇಷ್ಟ್ರುಗಳೂ ‘ವೈರಸ್ ಬಂದಿದೆ’ ಅಂತಾರೆ. ಹೋದ ತಿಂಗಳು ಒಂದು ಮೆಷೀನಲ್ಲಿ ಯಾವ ವೆಬ್‌ಸೈಟ್ ತೆಗೆದ್ರೂ ಸುರಕ್ಷಿತವಲ್ಲ ಅಂತ ಬರ್ತಿತ್ತು, ವೈರಸ್ಸೇ ಅಂದ್ಕೊಂಡು ಪೂರ್ತಿ ಫಾರ್ಮ್ಯಾಟ್ ಹೊಡೆಸಿದ್ವಿ, ಹತ್ತನೇ ಕ್ಲಾಸಿನ ಮಕ್ಕಳ ಪ್ರಾಜೆಕ್ಟೆಲ್ಲ ಹೋಯ್ತು, ಆಮೇಲೆ ನೋಡಿದ್ರೆ ಮದರ್‌ಬೋರ್ಡಲ್ಲಿರೋ ನಾಣ್ಯದಂಥ ಬ್ಯಾಟರಿ ಸತ್ತು ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ತಾರೀಖು ತಪ್ಪಿದ್ರೆ ಬ್ರೌಸರ್ ಯಾವ ಸೈಟನ್ನೂ ನಂಬಲ್ಲ. ಮಕ್ಕಳ ಮುಖ ನೋಡೋಕಾಗ್ಲಿಲ್ಲ ನಂಗೆ.

ಫ್ಲೆಕ್ಸಲ್ಲಿ ಎರಡು ಕಾಲಂ, ಎಡಗಡೆ ಮಾಲ್‌ವೇರ್ (ವೈರಸ್ಸಿನಂಥ ಕೆಡಿಸೋ ಸಾಫ್ಟ್‌ವೇರ್) ಲಕ್ಷಣ, ಬಲಗಡೆ ಹಾರ್ಡ್‌ವೇರ್ ಲಕ್ಷಣ. ಮಾಲ್‌ವೇರಿಗೆ ‘ಕುತಂತ್ರಾಂಶ’ ಅಂದ್ರೆ ಎಂಟನೇ ಕ್ಲಾಸಿನವರಿಗೆ ಅರ್ಥ ಆಗುತ್ತಾ? ಇನ್ನು ‘ಫೇಲಿಂಗ್’ಗೆ ಕೆಟ್ಟುಹೋದ ಅಂತ ಬೇಡ, ಕೆಡ್ತಾ ಇರೋ ಅನ್ನೋ ಅರ್ಥ ಬೇಕು, ಯಾಕಂದ್ರೆ ಆ ನಡುವಿನ ಹೊತ್ತಲ್ಲೇ ಫೈಲ್ ಉಳಿಸಿಕೊಳ್ಳೋಕೆ ಆಗೋದು. ಮೇಲೆ ಹಾಕೋಕೆ ‘ಡಯಾಗ್ನೋಸಿಸ್’ಗೂ ಒಂದು ಪದ ಹೇಳಿ.

---

ಉತ್ತರ, ಮೈಸೂರಿಂದ:

ಡಯಾಗ್ನೋಸಿಸ್ ಅಂದ್ರೆ ನಿದಾನ. ಆಯುರ್ವೇದದಲ್ಲಿ ಅಂದಿನಿಂದ ಇರೋ ಪದ, ಹೊಸದು ಹುಟ್ಟಿಸಬೇಕಿಲ್ಲ. ಕುತಂತ್ರಾಂಶ ಬಹಳ ಒಳ್ಳೇ ಪದ, ಕು+ತಂತ್ರಾಂಶ (ಕೆಟ್ಟ ಸಾಫ್ಟ್‌ವೇರ್) ಅಂತ ಬಿಡಿಸಿದ್ರೂ ಸರಿ, ಕುತಂತ್ರ+ಅಂಶ ಅಂತ ಬಿಡಿಸಿದ್ರೂ ಸರಿ, ಇಂಥದು ಇಂಗ್ಲಿಷಿನವರಿಗೂ ಸಿಕ್ಕಿಲ್ಲ. ಅವರಲ್ಲೂ ಮಾಲ್‌ವೇರ್ ಅನ್ನೋದು 1990ರಲ್ಲಿ ಹುಟ್ಟಿದ ಪದ, ನಮ್ಮ ಪದ ಹೊಸದು ಅಂತ ಹಿಂಜರಿಯೋದು ಬೇಡ. ಬಲಗಡೆಗೆ ‘ಯಂತ್ರಾಂಶ ವೈಫಲ್ಯ’, ಯಂತ್ರಾಂಶ ಅಂದ್ರೆ ಹಾರ್ಡ್‌ವೇರ್. ಬೇರೆ ಚರ್ಚೆ ಅನಗತ್ಯ.

---

ಉತ್ತರ, ಬೆಂಗಳೂರಿಂದ:

ನಿದಾನ ಅಂತ ಗೋಡೆ ಮೇಲೆ ಬರೆದ್ರೆ ನೂರಕ್ಕೆ ನೂರು ಜನ ‘ನಿಧಾನ’ ಅಂತ ಓದ್ತಾರೆ ಸರ್, ಮಾತಲ್ಲಿ ಎರಡೂ ಒಂದೇ ಥರ ಕೇಳುತ್ತೆ. ಕಂಪ್ಯೂಟರ್ ಸ್ಲೋ ಆಗಿದೆ ಅಂತ ಬಂದವರ ಎದುರಿಗೆ ನಿದಾನ ಅಂತ ಬೋರ್ಡ್ ಹಾಕ್ತೀರಾ? ಬೇಡ. ವೈಫಲ್ಯವೂ ಬೇಡ, ಅದು ಆಗಿ ಮುಗಿದ ಸೋಲು, ಮೇಡಂ ಕೇಳಿದ್ದು ಅದಲ್ಲ.

ಕನ್ನಡದ ಕ್ರಿಯಾಪದದಲ್ಲೇ ಉತ್ತರ ಇದೆ, ನಾವು ನೋಡ್ತಿಲ್ಲ ಅಷ್ಟೆ. ಕೆಡು ಅಂದ್ರೆ ತಾನಾಗೇ ಆಗೋದು. ಅದಕ್ಕೆ ‘ಇಸು’ ಸೇರಿಸಿದ ಕೂಡ್ಲೇ ಮಾಡೋನು ಒಬ್ಬ ಬಂದ. ಡಿಸ್ಕ್ ಕೆಡುತ್ತೆ, ಮಾಲ್‌ವೇರ್ ಕೆಡಿಸುತ್ತೆ. ಇಡೀ ಫ್ಲೆಕ್ಸಿನ ವಿಷಯ ಇದೇ ತಾನೆ? ಎಡಗಡೆಗೆ ‘ಸೋಂಕು’ ಹಾಕಿ. ಸೋಂಕು ಅಂದ್ರೆ ಮುಟ್ಟು, ತಾಗು ಅಂತ ಹಳಗನ್ನಡದಿಂದಲೂ ಇರೋ ಪದ, 2020ರ ಕೊರೊನಾ ಕಾಲದಿಂದ ಚಿಕ್ಕ ಮಕ್ಕಳ ಬಾಯಲ್ಲೂ ಇದೆ. ಬಲಗಡೆಗೆ ‘ಸವೆತ’. ಸೋಂಕೋ, ಸವೆತವೋ? ಎರಡೂ ನಮ್ಮವೇ. ಮಾಲ್‌ವೇರ್ ಅಂತ ಬರೆದ್ರೆ ಹಳ್ಳಿ ಮಕ್ಕಳು ಮಾಲು, ಸರಕು ಅಂದ್ಕೊಳ್ತಾರೆ.

---

ಉತ್ತರ, ಹುಬ್ಬಳ್ಳಿಯಿಂದ:

ಸೋಂಕು ಒಪ್ಪಿದೆ. ಸವೆತ ತಪ್ಪು ಆಗ್ತೈತಿ. ನಾ 14 ವರ್ಷದಿಂದ ರಿಪೇರಿ ಮಾಡಾಕತ್ತೀನಿ, ಹೊಸ ರ್‍ಯಾಮೂ ಡಬ್ಬಿಯಿಂದ ತಗದ ದಿನಾನ ಎರರ್ ಕೊಡ್ತೈತಿ, ಅದೇನು ಸವದಿರೂದಿಲ್ಲ. ಫ್ಯಾನಿನಾಗ ಧೂಳ ತುಂಬಿ, ಪ್ರೊಸೆಸರ್ ಮ್ಯಾಲಿನ ಪೇಸ್ಟ್ ಒಣಗಿ, ಹಚ್ಚಿದ ಕಾಲು ತಾಸಿಗೆ ತಾನ ಬಂದ್ ಆಗ್ತೈತಿ, ಅದನ್ನೂ ಸವೆತ ಅನ್ನಾಕ ಬರೂದಿಲ್ಲ. ನಮ್ಮ ಗಿರಾಕಿಗಳು ‘ಡಿಸ್ಕ್ ಕೈಕೊಡಾಕತ್ತೈತಿ’ ಅಂತಾರ. ಮೇಡಮ್ಮಾರು ಕೇಳಿದ ಪದ ಇದ ನೋಡ್ರಿ, ಇನ್ನೂ ಪೂರ್ತಿ ಹೋಗಿಲ್ಲ, ಆದ್ರ ನಂಬಾಕ ಆಗೂದಿಲ್ಲ.

ಪದ ಇರ್ಲಿ, ಒಳಗಿನ ವಿಷಯ ಸರಿ ಬರೀರಿ. ವಿಂಡೋಸ್ ಬಿಟ್ಟು ಪೆನ್‌ಡ್ರೈವಿನಿಂದ ಲಿನಕ್ಸ್ ಅನ್ನೂ ಬ್ಯಾರೆ ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡ್ರಿ, ಅಂದ್ರ ಅದರಿಂದ ಕಂಪ್ಯೂಟರ್ ಚಾಲೂ ಮಾಡ್ರಿ. ಅಲ್ಲೂ ಹ್ಯಾಂಗ್ ಆದ್ರ ಹಾರ್ಡ್‌ವೇರ್ ಮ್ಯಾಲ ಸಂಶಯ ಪಡ್ರಿ. ಅಲ್ಲಿ ಚಲೋ ನಡದ್ರ ವಿಂಡೋಸ್ ಒಳಗ ಏನೋ ಐತಿ ಅಂತ ಎಲ್ಲಾರೂ ಹೇಳ್ತಾರ, ಆದ್ರ ಅದು ಅರ್ಧ ಮಾತು. ಪೆನ್‌ಡ್ರೈವ್ ಲಿನಕ್ಸ್ ಹಾರ್ಡ್ ಡಿಸ್ಕ್ ಮುಟ್ಟೂದ ಇಲ್ಲ, ಡಿಸ್ಕ್ ಸಾಯಾಕತ್ತಿದ್ರೂ ಚಲೋನ ನಡೀತೈತಿ. ಅದಕ್ಕ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನ ಇಡೂ ಸ್ಮಾರ್ಟ್ ರಿಪೋರ್ಟ್ ಬ್ಯಾರೆ ನೋಡಬೇಕು, ರೀಅಲೊಕೇಟೆಡ್ (ಕೆಟ್ಟು ಬದಲಿ ಹಾಕಿದ), ಪೆಂಡಿಂಗ್ (ಓದಾಕ ಬರದ, ಸಂಶಯದ) ಸೆಕ್ಟರ್ ಲೆಕ್ಕ ವಾರದಿಂದ ವಾರಕ್ಕ ಏರಾಕತ್ತಿದ್ರ ಮೊದಲ ಫೈಲ್ ತಗೊಂಡು ಇಟಗೋರಿ. ಅಂಥಾ ಡಿಸ್ಕಿಗೆ ಆ್ಯಂಟಿವೈರಸ್ ಫುಲ್ ಸ್ಕ್ಯಾನ್ ಹಚ್ಚಬ್ಯಾಡ್ರಿ, ಸ್ಕ್ಯಾನ್ ಮುಗಿಯೂದ್ರಾಗ ಡಿಸ್ಕ್ ಮುಗೀತೈತಿ. ರ್‍ಯಾಮಿಗೆ ಮೆಮ್‌ಟೆಸ್ಟ್ ಅನ್ನೂ ಪರೀಕ್ಷೆ ರಾತ್ರಿಯಿಡೀ ಓಡಸ್ರಿ, ಒಂದ ಎರರ್ ಬಂದ್ರೂ ಸಾಕು, ಅದು ಕೈಕೊಡಾಕತ್ತೈತಿ ಅಂತ. ಸೋಂಕಿನ ಗುರುತು ಬ್ಯಾರೆ ಇರ್ತಾವ: ಬ್ರೌಸರ್ ಮೊದಲ ಪೇಜ್ ತಾನ ಬದಲಾಗೂದು, ಆ್ಯಂಟಿವೈರಸ್ ಆಫ್ ಆಗಿ ಆನ್ ಆಗದ ಇರೂದು, ಏನೂ ಮಾಡದ ಸುಮ್ನ ಕುಂತಾಗೂ ಪ್ರೊಸೆಸರ್ ನೂರಕ್ಕ ನೂರು ಓಡೂದು.

---

ಉತ್ತರ, ಮೈಸೂರಿಂದ:

ಕೈಕೊಡು ಅಂದ್ರೆ ಆಡುಮಾತು, ಶಾಲೆ ಗೋಡೆಗೆ ಹಾಕೋ ಮಾತಲ್ಲ. ‘ಸೋಂಕುಲಕ್ಷಣ’ ಅಂತ ಹಾಕಿದ್ರೆ ಅರಿಸಮಾಸ, ಅಂದ್ರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆಸಿದ ಸಮಾಸ, ಹಳಗನ್ನಡ ವ್ಯಾಕರಣಕಾರ ಕೇಶಿರಾಜ ಬೇಡ ಅಂದಿದ್ದು ಇದನ್ನೇ. ಬೆಂಗಳೂರಿನವರಿಗೆ ನಿದಾನ ಬೇಡ, ವೈಫಲ್ಯ ಬೇಡ, ಆದ್ರೆ ಡಿಸ್ಕು, ಬೋರ್ಡು ನಡೆಯುತ್ತೆ. ಸಂಸ್ಕೃತ ಹೊರಗಿನದು, ಇಂಗ್ಲಿಷ್ ಮನೇದಾ?

---

ಉತ್ತರ, ಬೆಂಗಳೂರಿಂದ:

ಮಳೆಗಾಲ ಅರಿಸಮಾಸ ಸರ್. ಅದನ್ನ ಬಿಟ್ಟು ಏನಂತೀರಿ, ವರ್ಷಾಕಾಲ ಅಂತೀರಾ? ಡಿಸ್ಕನ್ನ ಜನ ತಾವೇ ತಗೊಂಡು ‘ಡಿಸ್ಕಿಗೆ’, ‘ಡಿಸ್ಕಲ್ಲಿ’ ಅಂತ ವಿಭಕ್ತಿ ಹಚ್ಚಿ ಆಡ್ತಿದಾರೆ, ಅದು ಕನ್ನಡಕ್ಕೆ ಒಗ್ಗಿದೆ. ಯಂತ್ರಾಂಶ ಪಠ್ಯಪುಸ್ತಕ ದಾಟಿ ಯಾವ ಅಂಗಡಿಗೂ ಹೋಗಿಲ್ಲ. ದುರಸ್ತಿ ಫಾರಸಿಯಿಂದ ಬಂತು, ರಿಪೇರಿ ಇಂಗ್ಲಿಷಿಂದ ಬಂತು, ಎರಡನ್ನೂ ಇಟ್ಕೊಂಡಿದೀವಿ. ಕೈಕೊಡು ಆಡುಮಾತು ಅಂತ ತಳ್ಳಿಹಾಕೋದನ್ನ ನಾನಂತೂ ಒಪ್ಪಲ್ಲ, ಕನ್ನಡ ಇರೋದೇ ಅಲ್ಲಿ.

---

ಎಲ್ರಿಗೂ ಥ್ಯಾಂಕ್ಸ್, ಜಗಳ ಬೇಡ ದಯವಿಟ್ಟು. ಹೆಡ್ಡಿಂಗ್ ‘ಕಂಪ್ಯೂಟರ್ ತಾನಾಗಿ ಕೆಟ್ಟಿತೋ, ಯಾರೋ ಕೆಡಿಸಿದರೋ?’ ಅಂತ ಮಾಡಿದೀನಿ, ಡಯಾಗ್ನೋಸಿಸ್ ಪದವೇ ಬೇಕಾಗಲಿಲ್ಲ. ಎಡಗಡೆ ‘ಸೋಂಕು ತಗುಲಿದ್ದರೆ’, ಕೆಳಗೆ ಸಣ್ಣಕ್ಷರದಲ್ಲಿ ಕುತಂತ್ರಾಂಶ, ಪರೀಕ್ಷೆಗೆ ಮಕ್ಕಳಿಗೆ ಅದೂ ಬೇಕಾಗುತ್ತೆ. ಬಲಗಡೆ ‘ಹಾರ್ಡ್‌ವೇರ್ ಕೈಕೊಡುತ್ತಿದ್ದರೆ’. ಒಂದೇ ಬಾಕಿ, ಸಾಯೋ ಡಿಸ್ಕಿನ ಸದ್ದಿಗೆ ‘ಕಟಕಟ’ ಅಂತ ಹಾಕಿದೀನಿ, ಸರಿನಾ? ರಾತ್ರಿ ಒಂಬತ್ತರೊಳಗೆ ಹೇಳಿ.

---

ಉತ್ತರ, ಹುಬ್ಬಳ್ಳಿಯಿಂದ:

‘ಟಕ್, ಟಕ್’ ಅಂತ ನಡುವ ಜಾಗ ಬಿಟ್ಟು ಹಾಕ್ರಿ ಮೇಡಂ. ಬಿಡದಂಗ ಕಟಕಟ ಅಂದ್ರ ಫ್ಯಾನಿಗೆ ವೈರ್ ತಾಗಾಕತ್ತಿರತೈತಿ, ಮಕ್ಕಳು ಸುಮ್ನ ಡಿಸ್ಕ್ ಬಿಚ್ಚತಾರ.