ಸಹಾಯ ಬೇಕು: ಅಪ್ಪ ಕೆನಡಾದಾಗ, ಮಕ್ಕಳ ಪಾಸ್‌ಪೋರ್ಟ್ ಹ್ಯಾಂಗ?

ಅಣ್ಣಾರ, ಅಕ್ಕಾರ, ಕಲಬುರಗಿಯವರು ಯಾರಾದ್ರೂ ಹೇಳ್ರಿ. ನಮ್ಮ ಮನಿಯವರು ಕೆನಡಾದಾಗ ಇದ್ದಾರ, ಇನ್ನ ನಾವೂ ಅಲ್ಲೇ ಹೋಗಿ ಇರೋದು. ಮಕ್ಕಳ ಹೆಸರು ತಾಯಿ ಪಾಸ್‌ಪೋರ್ಟ್‌ನ್ಯಾಗ ಸೇರಿಸಿದ್ರ ಸಾಕು ಅಂತ ಮಾವನವರ ಹಟ. ಆ ಕಾಲ ಮುಗೀತು, ಈಗ ಕೂಸಿಗೂ ಬ್ಯಾರೇನೇ ಬೇಕು.

ಅನೆಕ್ಷರ್ ಡಿ (ಮಕ್ಕಳ ಪಾಸ್‌ಪೋರ್ಟ್‌ಗೆ ಹೆತ್ತವರು ಬರಕೊಡೋ ಘೋಷಣಾ ಪತ್ರ) ಒಳಗ ತಂದೆ-ತಾಯಿ ಇಬ್ಬರ ಸಹಿ ಬೇಕಲ್ಲ, ಅವರು ಅಲ್ಲಿಂದ ಸಹಿ ಮಾಡಿ ಸ್ಕ್ಯಾನ್ ಕಳಿಸಿದ್ರ ಇಲ್ಲಿ ಸೇವಾ ಕೇಂದ್ರದಾಗ ತಗೋತಾರೇನು, ಇಲ್ಲಾ ಅಸಲು ಪ್ರತಿನೇ ತರಿಸಬೇಕೇನು?

ದೊಡ್ಡಾಕಿಗೆ 16. ಆಕಿದು 1,500 ಕಟ್ಟಿ 10 ವರ್ಷದ್ದೇ ಮಾಡಸ್ತೀನಿ. ಚಿಂತಿ ಸಣ್ಣಾವಂದು. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರನೇ ಆಗಬೇಕಂತ. ಇವನ ಪತ್ರದಾಗ ಹೆಸರಿನ ಜಾಗನೇ ಖಾಲಿ! ಹೆಸರು ಸೇರಿಸಲಿಕ್ಕೆ ಪಾಲಿಕೆಗೆ ಏನೇನು ಒಯ್ಯಬೇಕ್ರಿ? ಏಜೆಂಟರ ನಂಬರ್ ಬ್ಯಾಡ, ಸ್ವತಃ ಮಾಡಿಸಿದವರು ಹೇಳ್ರಿ.